ಅಂಗಿ ಹಾಡಿನ ಶ್ರುತಿ

"ಮಾಮ, ಸಿಕ್ತು!" ಎಂದು ಅಕ್ಕನ ಮಗಳು ಎರಡೆರಡು ಮೆಟ್ಟಿಲು ಹಾರಿಕೊಂಡು ಬಂದಾಗ ತಮ್ಮ, ಕೀಬೋರ್ಡಿನ ಸಂದಿಗೆ ಬಿದ್ದ ಬಿಸ್ಕತ್ತಿನ ಚೂರನ್ನು ಹಲ್ಲುಕಡ್ಡಿಯಿಂದ ಕೆದಕುತ್ತಾ ಕೂತಿದ್ದ. ಅವಳ ಕೈಯಲ್ಲಿ ಒಂದು ಅಗಲವಾದ ತಗಡಿನ ಡಬ್ಬಿ. ಮುಚ್ಚಳದ ಮೇಲೆ ಅಕ್ಕನದೇ ಅಕ್ಷರ, ಮಾಸಿದ ನೀಲಿ ಶಾಯಿ: ಅಂಗಿ ಹಾಡು, ಮೂಲ ಟೇಪು, ಯಾರೂ ಮುಟ್ಟಬೇಡಿ.

"ಎಲ್ಲಿತ್ತೇ ಇದು?"

"ಹಳೇ ಬೀರು ಹಿಂದೆ ಬಿದ್ದಿತ್ತು. ರೆಕಾರ್ಡಿಂಗ್‌ನವರಿಗೆ ತೋರಿಸಿದೆ, ಟೇಪ್ ಚಿನ್ನದ ಹಾಗಿದೆಯಂತೆ. ಯೋಚನೆ ಮಾಡು ಮಾಮ, ಮೂವತ್ತು ವರ್ಷದ ಹಿಂದಿನ ಅಮ್ಮ ಒಂದು ಸಾಲು ಹಾಡ್ತಾಳೆ, ಈಗಿನ ಅಮ್ಮ ಮುಂದಿನ ಸಾಲು ಹಾಡ್ತಾಳೆ. ಹಿಂದೆ ನಿನ್ನ ಹಳೇ ಹಾರ್ಮೋನಿಯಂ, ಹಾಗ್ಹಾಗೇ. ಗುರುವಾರ ಹತ್ತು ಗಂಟೆಗೆ ಸ್ಟುಡಿಯೋ ಇಟ್ಕೊಂಡಿದೀನಿ."

"ಅಂದ್ರೆ... ಅದೇ ಶ್ರುತೀಲಾ?"

"ಇನ್ನೇನು ಮತ್ತೆ!" ಎಂದು ಅವಳು ಕಂಕುಳಲ್ಲಿ ಸುತ್ತಿಟ್ಟುಕೊಂಡಿದ್ದ ಪೋಸ್ಟರನ್ನು ಬಿಚ್ಚಿ ಗೋಡೆಗೆ ಹಿಡಿದಳು. ಅಕ್ಕನ ದೊಡ್ಡ ನಗುಮುಖ. ಕೆಳಗೆ ಕೆಂಪಕ್ಷರ: ಅದೇ ಹಾಡು. ಅದೇ ಕಂಠ. ಅದೇ ಶ್ರುತಿ. "ಐನೂರು ಪ್ರಿಂಟ್ ಆಗಿದೆ. ಹೇಗಿದೆ?"

ತಮ್ಮನ ಕೈಯಲ್ಲಿದ್ದ ಹಲ್ಲುಕಡ್ಡಿ ಲಟಕ್ಕೆಂದು ಮುರಿಯಿತು. ಚೂರು ಕೀಬೋರ್ಡಿನ ಒಳಗೇ ಹೋಯಿತು.

ತಮ್ಮ ಎಂದರೆ ಸಣ್ಣ ಹುಡುಗನೇನಲ್ಲ. ಐವತ್ತೇಳು ವಯಸ್ಸು, ಅರ್ಧ ಬೋಳು ತಲೆ, ಮೋಡ ಕಟ್ಟುವ ಮೊದಲೇ ನೋಯಲು ಶುರುವಾಗುವ ಎರಡು ಮಂಡಿ. ಆದರೆ ಅವನು ತೊಟ್ಟಿಲಲ್ಲಿದ್ದಾಗಿನಿಂದ ಅಕ್ಕ 'ತಮ್ಮ, ತಮ್ಮ' ಎಂದು ಕರೆದದ್ದು ಮನೆಯಿಂದ ಬೀದಿಗೆ, ಬೀದಿಯಿಂದ ವೇದಿಕೆಗೆ, ವೇದಿಕೆಯಿಂದ ಕಂಪನಿಗೆ ಬಂದು, ಈಗ ಬಾಗಿಲು ಕಾಯುವವನೂ 'ತಮ್ಮ ಸಾರ್' ಎಂದೇ ಸಲಾಮು ಹೊಡೆಯುತ್ತಾನೆ. ಅಕ್ಕನೂ ಅಷ್ಟೇ, ಜಗತ್ತಿಗೆಲ್ಲ ಅಕ್ಕ. ಅವಳ ಮೂರಂತಸ್ತಿನ ಹಾಡಿನ ಕಂಪನಿಯಿಂದ ಇದುವರೆಗೆ ನಲವತ್ತು ಮಂದಿ ಹಾಡುಗಾರರು ಹೊರಬಿದ್ದಿದ್ದಾರೆ. ನಲವತ್ತು ಮಂದಿಯೂ ಅವಳ ಹತ್ತಿರ ಬೈಸಿಕೊಂಡವರೇ.

ಅಕ್ಕನ ಕಥೆ ಎಲ್ಲರಿಗೂ ಗೊತ್ತು, ಆದರೆ ಅರ್ಧ ಗೊತ್ತು. ಶುರುವಿಗೆ ಅವಳು ಒಂದು ಲಾಂಡ್ರಿಯ ಕೌಂಟರಿನಲ್ಲಿ ಕೂತು ರಸೀತಿ ಹರಿದು ಕೊಡುವವಳು. ರಸೀತಿಯ ಬೆನ್ನಿಗೆ ಹಾಡು ಬರೆಯುತ್ತಿದ್ದಳು. ಒಂದು ದಿನ ಯಾರೋ ಒಬ್ಬ ರೈಲಿಗೆ ಹೊತ್ತಾಯಿತೆಂದು ಓಡೋಡಿ ಬಂದು ತನ್ನ ಅಂಗಿ ಕೇಳಿದ. 'ಅಂಗಿ ಇನ್ನೂ ಒಣಗಿಲ್ಲ, ಹೇಗೆ ಹೋಗ್ತೀರಿ?' ಎಂದಳು. ಅವನು ಒದ್ದೆ ಅಂಗಿಯನ್ನೇ ಹಾಕಿಕೊಂಡು ಹೋದ. ಆ ಸಂಜೆ ಅವನ ರಸೀತಿಯ ಬೆನ್ನಿಗೆ ಹುಟ್ಟಿದ್ದು ಅಂಗಿ ಹಾಡು. 'ಅಂಗಿ ಒಣಗಿಲ್ಲ, ಹೇಗೆ ಹೋಗ್ತೀ?' ಎಂಬ ಸಾಲಿನಲ್ಲಿ ಆ 'ಹೇಗೆ' ಅನ್ನುವುದನ್ನು ಅವಳು ಎಲ್ಲಿಗೆ ಕೊಂಡೊಯ್ದು ನಿಲ್ಲಿಸುತ್ತಿದ್ದಳೆಂದರೆ, ಲಾಂಡ್ರಿಯವರು ಕೈಯಲ್ಲಿದ್ದ ಇಸ್ತ್ರಿಯನ್ನು ಎತ್ತಿ ಹಿಡಿದು ಕೇಳುತ್ತಿದ್ದರು. ಹಾಗೆ ಎತ್ತಿ ಹಿಡಿಯದ ಒಬ್ಬ ಯಾರದೋ ಪ್ಯಾಂಟು ಸುಟ್ಟಿದ್ದೂ ಉಂಟು.

ಹಾಡು ಹಿಡಿದುಕೊಂಡು ಅಕ್ಕ ಮೂರು ಕ್ಯಾಸೆಟ್ ಕಂಪನಿಗಳ ಮೆಟ್ಟಿಲು ಹತ್ತಿ ಇಳಿದಳು. ಒಬ್ಬರು, ಹಾಡು ಬಿಟ್ಟು ಹೋಗಮ್ಮ, ಬೇರೆಯವರ ಕೈಲಿ ಹಾಡಿಸ್ತೀವಿ ಎಂದರು. ಇನ್ನೊಬ್ಬರು ಕೇಳುವಾಗಲೇ ಆಕಳಿಸಿದರು. ಮೂರನೆಯವರು, ಅಂಗಿ ತೆಗೆದು ಹೃದಯ ಅಂತ ಹಾಕಿ ಎಂದರು. "ಹೃದಯ ಒಗೆದು ಹಾಕೋಕೆ ಬರಲ್ಲ ಸಾರ್," ಎಂದು ಹೇಳಿ ಅಕ್ಕ ಎದ್ದು ಬಂದಳು. ಮುಂದಿನ ರಜೆಯ ದಿನ ಲಾಂಡ್ರಿಯ ಹಿಂದಿನ ಕೋಣೆಯಲ್ಲೇ, ಬಾಡಿಗೆಗೆ ತಂದ ಯಂತ್ರದಲ್ಲಿ, ಹಾರ್ಮೋನಿಯಂ ಹಿಡಿದು ತಮ್ಮ ಕೂತು, ಇಬ್ಬರೂ ರೆಕಾರ್ಡಿಂಗ್ ಮಾಡಿ ಮುಗಿಸಿದರು. ಹಬೆ ಇಸ್ತ್ರಿಯನ್ನು ಆರಿಸಲು ಮರೆತಿದ್ದರಿಂದ ಹಾಡಿನ ಮೊದಲಿಗೇ 'ಬುಸ್' ಎಂದು ಒಂದು ಸದ್ದು ಸೇರಿಕೊಂಡಿತು. ಇನ್ನೊಂದು ಸಲ ಹಾಡುವಷ್ಟು ಟೇಪ್ ಇರಲಿಲ್ಲ.

ಮಾರುವುದು ಹೇಗೆ? ಅದೂ ಅಕ್ಕನ ತಲೆಯೇ. ಒಗೆದು ಮಡಿಸಿದ ಅಂಗಿಗಳ ಜೇಬಿನಲ್ಲಿ ಒಂದೊಂದು ಕ್ಯಾಸೆಟ್ ಇಟ್ಟು ಕಳಿಸಿದಳು. ಅದರಲ್ಲಿ ಒಂದು ಅಂಗಿ ರೇಡಿಯೋದಲ್ಲಿ ಕೆಲಸ ಮಾಡುವವರದು. ಮುಂದೆ ಇಪ್ಪತ್ತೆರಡು ವಾರ ರೇಡಿಯೋದ ಜನಪ್ರಿಯ ಹಾಡುಗಳ ಪಟ್ಟಿಯ ಮೊದಲ ಸ್ಥಾನದಿಂದ ಅಂಗಿ ಹಾಡನ್ನು ಕೆಳಗಿಳಿಸಲು ಯಾರಿಗೂ ಆಗಲಿಲ್ಲ. ಆಕಳಿಸಿದ್ದ ಮನುಷ್ಯ ಹೂಗುಚ್ಛ ಕಳಿಸಿದ. ಅಕ್ಕ ಅದನ್ನು ಲಾಂಡ್ರಿಯ ಕೌಂಟರಿನ ಮೇಲೆ ಇಟ್ಟಳು.

ಇಷ್ಟು ಎಲ್ಲರಿಗೂ ಗೊತ್ತಿರುವ ಅರ್ಧ. ಉಳಿದರ್ಧ ಇದ್ದದ್ದು ತಮ್ಮನ ಕೀಬೋರ್ಡಿನ ಎಡತುದಿಯ ಒಂದು ಗುಂಡಿಯಲ್ಲಿ.

ಕೀಬೋರ್ಡಿನ ಒಂದೊಂದು ಬಿಳಿ ಕಡ್ಡಿಗೂ ಹಾಡುವವರು ಮನೆ ಎನ್ನುತ್ತಾರೆ, ನಡುವಿನ ಕಪ್ಪಿಗೆ ಅರ್ಧ ಮನೆ. ಆ ಗುಂಡಿಯನ್ನು ಒಮ್ಮೆ ಒತ್ತಿದರೆ ಇಡೀ ಹಾಡು ಅರ್ಧ ಮನೆ ಕೆಳಗಿಳಿಯುತ್ತದೆ. ಬೆರಳು ಓಡುವ ಜಾಗ ಮಾತ್ರ ಬದಲಾಗುವುದಿಲ್ಲ, ಪಕ್ಕದಲ್ಲಿ ನಿಂತು ನೋಡಿದರೂ ತಿಳಿಯುವುದಿಲ್ಲ. ಹನ್ನೆರಡು ವರ್ಷದ ಹಿಂದೆ, ಜ್ವರದಿಂದ ಎದ್ದ ಅಕ್ಕ ಅಭ್ಯಾಸದ ಹೊತ್ತಿನಲ್ಲಿ 'ಹೇಗೆ' ಎಂದು ಏರಿದಾಗ ಧ್ವನಿ ಒಡೆಯಿತು. "ಧೂಳು ಕಣೋ," ಎಂದು ನೀರು ಕುಡಿದಳು. ಲೋಟ ಕೆಳಗಿಟ್ಟ ಮೇಲೆ ಆ ಸಾಲನ್ನು ಮತ್ತೆ ಮುಟ್ಟದೆ ಅಭ್ಯಾಸ ಮುಗಿಸಿದ್ದನ್ನು ತಮ್ಮ ನೋಡಿದ. ಮಾರನೆಯ ದಿನ ವೇದಿಕೆಯ ಮೇಲೆ ಗುಂಡಿಯನ್ನು ಒಂದು ಸಲ ಒತ್ತಿದ. ಅಕ್ಕ ಹಾಡಿದಳು, ಜನ ಎದ್ದು ನಿಂತರು. ಕೆಳಗಿಳಿದು ಬಂದವಳು ಅವನ ಕೆನ್ನೆ ಹಿಂಡಿ, "ನೋಡ್ದೆಯಾ? ಬರೀ ಧೂಳು!" ಎಂದಳು.

ಆ ಮುಖ ನೋಡಿಕೊಂಡು ನಿಜ ಹೇಳುವುದಕ್ಕೆ ಯಾರಿಗೆ ಬಾಯಿ ಬರುತ್ತದೆ? ಎರಡು ವರ್ಷ ಬಿಟ್ಟು ಇನ್ನೊಮ್ಮೆ ಒತ್ತಿದ. ಆಮೇಲೆ ಮತ್ತೊಮ್ಮೆ. ಹೋದ ವರ್ಷ ನಾಲ್ಕನೆಯದು. ಎಷ್ಟು ಇಳಿದಿದೆ ಎಂದು ತೋರಿಸುವ ಪುಟ್ಟ ಪರದೆಯ ಮೇಲೆ ಗಾಯಕ್ಕೆ ಅಂಟಿಸುವ ಪಟ್ಟಿ ಅಂಟಿಸಿಬಿಟ್ಟಿದ್ದ. ಪರದೆ ಒಡೆದಿದೆ ಎಂದು ಹೇಳುತ್ತಿದ್ದ. ಗಿಟಾರಿನವನು ಕೈ ಹಿಡಿಯುವ ಜಾಗ ಬದಲಿಸಿದ, ಕೊಳಲಿನವನು ಕೊಳಲನ್ನೇ ಬದಲಿಸಿದ, ಇಬ್ಬರೂ ತುಟಿ ಹೊಲಿದುಕೊಂಡರು. ಅಕ್ಕನಿಗೆ ಗೊತ್ತಾಗುವ ದಾರಿಯೂ ಇರಲಿಲ್ಲ. ಅವಳು ತನ್ನ ಹಳೆಯ ಹಾಡು ಕೇಳುವವಳೇ ಅಲ್ಲ. "ಹಾಡು ಅಂದ್ರೆ ಮದುವೆ ಮಾಡಿ ಕೊಟ್ಟ ಮಗಳು, ದಿನಾ ಹೋಗಿ ಇಣುಕಬಾರದು," ಎಂದು ಟ್ಯಾಕ್ಸಿಯ ರೇಡಿಯೋವನ್ನೂ ಆರಿಸುವಳು. ತಮ್ಮ ಕೊಟ್ಟದ್ದೇ ಅವಳಿಗೆ ಮೊದಲ ಸ್ವರ. ಅಳೆದು ನೋಡುವುದುಂಟೇ?

ಅಲ್ಲಿಗೆ ನಿಂತಿದ್ದರೆ ಅದು ಅಕ್ಕ ತಮ್ಮಂದಿರ ನಡುವಿನ ವಿಷಯವಾಗುತ್ತಿತ್ತು. ಆದರೆ ಅಕ್ಕ ಪ್ರತಿ ವೇದಿಕೆಯ ಮೇಲೂ, "ಇಷ್ಟು ವರ್ಷ ಆಯ್ತು, ಒಂದು ಎಳೆ ಶ್ರುತಿ ಇಳಿಸಿಲ್ಲ," ಎಂದು ಎದೆ ತಟ್ಟಿಕೊಳ್ಳತೊಡಗಿದಳು. ಜನ ಚಪ್ಪಾಳೆ ತಟ್ಟುವಾಗ ತಮ್ಮ ಬಗ್ಗಿ ಶೂ ಲೇಸು ಕಟ್ಟಿಕೊಳ್ಳುವನು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ಇತ್ತೀಚೆಗೆ ಅವನು ಲೇಸಿಲ್ಲದ ಚಪ್ಪಲಿ ಹಾಕುತ್ತಿದ್ದರೂ ಬಗ್ಗುವ ಅಭ್ಯಾಸ ಬಿಟ್ಟಿರಲಿಲ್ಲ.

ಬುಧವಾರ ಅವನು ರೆಕಾರ್ಡಿಂಗ್‌ನವನ ಕಿವಿಯಲ್ಲಿ ಕೇಳಿದ, ಹಳೆಯ ಟೇಪನ್ನೇ ಎರಡು ಮನೆ ಇಳಿಸಿಬಿಟ್ಟರೆ? ಆ ಮನುಷ್ಯ ಕಂಪ್ಯೂಟರಿನಲ್ಲಿ ಇಳಿಸಿ ಕೇಳಿಸಿದ. ಮೂವತ್ತು ವರ್ಷದ ಅಕ್ಕ ನೆಗಡಿಯಾದ ಗಂಡಸಿನ ಹಾಗೆ ಹಾಡಿದಳು. ಇಸ್ತ್ರಿ ರೈಲಿನ ಹಾಗೆ ಬುಸುಗುಟ್ಟಿತು. "ಅಕ್ಕ ನಮ್ಮಿಬ್ರನ್ನೂ ಇಸ್ತ್ರಿ ಮಾಡ್ತಾರೆ ತಮ್ಮ ಸಾರ್," ಎಂದು ಅವನು ಕೈಮುಗಿದ.

ಹೊರಗೆ ಬಂದರೆ ಮೆಟ್ಟಿಲ ಮೇಲೆ ಹೊಸ ಹುಡುಗಿ ಕೂತಿದ್ದಳು. ಅಕ್ಕ ಹೋದ ವರ್ಷ ಆರಿಸಿ ತಂದವಳು. ಒಳ್ಳೆಯ ಕಂಠ, ಇರುವೆಗೂ ದಾರಿ ಬಿಡುವ ಸ್ವಭಾವ. ಹೋದ ವಾರ ತನ್ನ ಮೊದಲ ಹಾಡಿಗೆ ಅರ್ಧ ಮನೆ ಇಳಿಸಬಹುದಾ ಎಂದು ಕೇಳಿದ್ದಳು, ಅಷ್ಟೇ. "ಅರವತ್ತು ವರ್ಷಕ್ಕೆ ನಾನೇ ಇಳಿಸಿಲ್ಲ, ಇಪ್ಪತ್ತೆರಡಕ್ಕೆ ನಿಂಗೇನು ಬಂತು? ಒಂದು ವಾರ ಟೈಮು. ಮೇಲಿನ ಸ್ವರ ಮುಟ್ಟಿದ್ರೆ ಹಾಡು ನಿಂದು, ಇಲ್ದಿದ್ರೆ ಬೇರೆಯವರು ಹಾಡ್ತಾರೆ," ಎಂದಿದ್ದಳು ಅಕ್ಕ. ಆ ವಾರ ಮುಗಿಯುವುದೂ ಗುರುವಾರವೇ.

ಹುಡುಗಿ ಫ್ಲಾಸ್ಕಿನ ಬಿಸಿನೀರು ಗುಟುಕರಿಸುತ್ತಿದ್ದಳು. ಕಣ್ಣು ಕೆಂಪಗಿತ್ತು. ಮಾತಾಡಿದಾಗ ಗಂಟಲಿನಿಂದ ಮರಳಿನ ಸದ್ದು ಬಂತು.

"ತಮ್ಮ ಸಾರ್, ಅಕ್ಕಂಗೆ ಹೇಗೆ ಆಗುತ್ತೆ? ಆ ವಯಸ್ಸಲ್ಲಿ? ನನ್ನ ಗಂಟಲಲ್ಲೇ ಏನೋ ಐಬಿದೆ ಅನ್ಸುತ್ತೆ. ಬೆಳಿಗ್ಗೆಯಿಂದ ಇನ್ನೂರು ಸಲ ಹಾಡಿದೆ."

"ಇನ್ನೂರಾ?" ಎಂದ ತಮ್ಮ. "ಸಾಕು ಬಿಡಮ್ಮ, ಗಂಟಲು ಕಿತ್ಹೋಗುತ್ತೆ."

"ನಾಳೆ ಮುಟ್ಟದಿದ್ರೆ ಮನೆಗೆ ಹೋಗ್ಬೇಕಲ್ಲ ಸಾರ್."

ತಮ್ಮ ಅವಳ ಪಕ್ಕ ಕೂತ. ಮಂಡಿ ನೋಯುತ್ತಿತ್ತು, ಆದರೂ ಕೂತ. ಅಕ್ಕನ ಒಂದು ನಗುವಿಗೋಸ್ಕರ ತಾನು ಒತ್ತಿದ ಗುಂಡಿ ಹೋಗಿ ಹೋಗಿ ಈ ಹುಡುಗಿಯ ಗಂಟಲ ಮೇಲೆ ಕೂತಿದೆ ಎಂದು ಅವನಿಗೆ ಅನ್ನಿಸಿತು. ಹೇಳಲೇಬೇಕು. ಹೇಳಿದರೆ ಅಕ್ಕ ಇನ್ನು ಅವನ ಕೈಯಿಂದ ಸ್ವರ ತೆಗೆದುಕೊಳ್ಳುವಳೇ? ಅಥವಾ ಹಾಡುವುದನ್ನೇ ಬಿಟ್ಟುಬಿಟ್ಟರೆ? ಹಟ ಬಂದರೆ ಬಿಡುವವಳೇ ಅವಳು. ಅವರ ಅಪ್ಪ ಒಂದು ಸಲ ಹಂಗಿಸಿದ್ದಕ್ಕೆ ಸಕ್ಕರೆ ಬಿಟ್ಟವಳು ನಲವತ್ತು ವರ್ಷವಾದರೂ ಮುಟ್ಟಿರಲಿಲ್ಲ.

ಗುರುವಾರ ಹತ್ತು ಗಂಟೆಗೆ ಸ್ಟುಡಿಯೋದಲ್ಲಿ ಎಲ್ಲರೂ ಇದ್ದರು. ಅಕ್ಕನ ಮಗಳು ಪೋಸ್ಟರನ್ನು ಗಾಜಿಗೆ ಅಂಟಿಸಿದ್ದಳು. ಹೊಸ ಹುಡುಗಿ ಮೂಲೆಯ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಅಕ್ಕ ಹೊಸ ಕನ್ನಡಕ ಹಾಕಿಕೊಂಡು, ಎಲ್ಲರಿಗೂ ತಿಂಡಿಯಾಯಿತೇ ಎಂದು ಕೇಳಿ, ಹೆಡ್‌ಫೋನ್ ಕಿವಿಗೇರಿಸಿಕೊಂಡು ಮೈಕಿನ ಮುಂದೆ ನಿಂತಳು. "ನನ್ನ ರೂಲು ನಾನೇ ಮುರೀತಿದೀನಿ. ಮಗಳ ಮನೆಗೆ ಇಣುಕ್ತಿದೀನಿ. ಹಾಕಿ," ಎಂದಳು.

ಬುಸ್.

ಅಕ್ಕನ ಮುಖ ಅರಳಿತು. "ಅಯ್ಯೋ, ನಮ್ಮ ಇಸ್ತ್ರಿ ಕಣೋ!" ಎಂದು ಗಾಜಿನಾಚೆಯಿಂದ ತಮ್ಮನಿಗೆ ಕೈ ಬೀಸಿದಳು. ಹಾರ್ಮೋನಿಯಂ ಬಂತು. ಆಮೇಲೆ ಮೂವತ್ತು ವರ್ಷದವಳ ಧ್ವನಿ ಬಂತು, ಮತ್ತು ಅಕ್ಕನ ಹುಬ್ಬು ಮೆಲ್ಲಗೆ ಗಂಟಾಯಿತು. ತನ್ನ ಸಾಲು ಬಂದಾಗ ಬಾಯಿ ತೆರೆದಳು, ಮುಚ್ಚಿದಳು.

"ನಿಲ್ಸಿ, ನಿಲ್ಸಿ. ಇದು ನಾನಾ? ಇಲಿಮರಿ ಕಿರುಚಿದ ಹಾಗಿದೆ. ಟೇಪ್ ಜೋರಾಗಿ ಓಡ್ತಿದೆ ಕಣ್ರೀ."

"ಇಲ್ಲ ಅಕ್ಕ, ಸರಿಯಾಗೇ..." ಎಂದ ರೆಕಾರ್ಡಿಂಗ್‌ನವನು.

"ಹಳೇ ಟೇಪು, ಹಿಗ್ಗಿ ಕುಗ್ಗಿ ಏನೋ ಆಗಿರುತ್ತೆ. ನನ್ನ ಶ್ರುತಿ ನಂಗೊತ್ತಿಲ್ವಾ? ತಮ್ಮ, ಕೀಬೋರ್ಡ್ ಆನ್ ಮಾಡು. ಅಂಗಿ ಹಾಡಿನ ಸ್ವರ ಕೊಡು, ಇವರೆಲ್ಲ ಕೇಳಲಿ. ಟೇಪಿಗೂ ಅದಕ್ಕೂ ಎಷ್ಟು ವ್ಯತ್ಯಾಸ ಇದೆ ಅಂತ ಗೊತ್ತಾಗಲಿ."

ತಮ್ಮ ಕೀಬೋರ್ಡ್ ಆನ್ ಮಾಡಿದ. ಅವನ ಬೆರಳು ಹಳೆಯ ಅಭ್ಯಾಸದಿಂದ ಎಡತುದಿಯ ಗುಂಡಿಯ ಮೇಲೆ ಹೋಗಿ ಕೂತಿತು. ನಾಲ್ಕು ಸಲ ಒತ್ತಿದರೆ ಮುಗಿಯಿತು. ಎಲ್ಲ ತಪ್ಪೂ ಟೇಪಿನ ತಲೆಗೆ. ಮೂಲೆಯಲ್ಲಿ ಹುಡುಗಿ ಸದ್ದಾಗದಂತೆ ಕೆಮ್ಮಿದಳು.

ಅವನು ಗುಂಡಿ ಬಿಟ್ಟು, ಉಗುರಿನಿಂದ ಪಟ್ಟಿಯ ತುದಿ ಎಬ್ಬಿಸಿ ಎಳೆದ. ಪಟ್ಟಿ ಕಿತ್ತು ಬಂದು ಬೆರಳಿಗೆ ಅಂಟಿಕೊಂಡಿತು.

"ಟೇಪ್ ಸರಿಯಾಗಿದೆ ಅಕ್ಕ," ಎಂದ. "ಇದು ಸುಳ್ಳು. ನಾನು ಇಳಿಸ್ತಾ ಬಂದಿದೀನಿ. ಒಟ್ಟು ಎರಡು ಮನೆ."

ಅಕ್ಕ ಹೆಡ್‌ಫೋನ್ ತೆಗೆದು, ಒಳಗಿನ ಬಾಗಿಲು ತೆರೆದು, ಈಚೆ ಬಂದಳು. ಅಮ್ಮ ಸಿಡಿಯುವ ಮೊದಲು ಹೀಗೇ ಮೆಲ್ಲಗೆ ನಡೆಯುತ್ತಾಳೆಂದು ಗೊತ್ತಿದ್ದ ಮಗಳು ಎಲ್ಲರನ್ನೂ ಹೊರಗೆ ತಳ್ಳತೊಡಗಿದಳು. ಹುಡುಗಿಯೂ ಎದ್ದಳು.

"ನೀನೆಲ್ಲಿಗೆ? ಕೂತ್ಕೋ," ಎಂದಳು ಅಕ್ಕ. "ಇದು ನಿಂಗೂ ಸೇರಿದ್ದು." ಮತ್ತೆ ತಮ್ಮನಿಗೆ, "ಯಾವಾಗಿಂದ?"

"ಆ ಜ್ವರ ಬಂದ ವರ್ಷದಿಂದ."

"ಧೂಳು ಅಂದಿದ್ದೆನಲ್ಲ, ಅವತ್ತಾ?"

"ಅದರ ಮಾರನೇ ದಿನ."

"ಹನ್ನೆರಡು ವರ್ಷ! ಹನ್ನೆರಡು ವರ್ಷ ನನ್ನ ಕಿವಿ ಮೇಲೆ ಹೂವಿಟ್ಟೆಯಲ್ಲೋ! ಸಾವಿರಾರು ಜನರ ಮುಂದೆ ಎದೆ ತಟ್ಕೊಂಡೆ. ನೀನು ಪಕ್ಕದಲ್ಲೇ ಕೂತು ಚಪ್ಪಲಿ ನೋಡ್ಕೋತಿದ್ದೆ. ಇನ್ನೂ ಯಾರ್ಯಾರಿಗೆ ಗೊತ್ತು? ಕೊಳಲಿನವನಿಗೆ? ಗಿಟಾರಿನವನಿಗೆ? ಊರಿಗೆಲ್ಲ ಗೊತ್ತು, ನಂಗೊಬ್ಳಿಗೇ ಇಲ್ಲ! ಹೇಳೋಕೇನು ಧಾಡಿ ನಿಂಗೆ?"

"ಹೆದರ್ಕೊಂಡೆ."

"ನಂಗಾ?"

"ನಿಂಗಲ್ಲ." ತಮ್ಮ ಬೆರಳಿಗೆ ಅಂಟಿದ ಪಟ್ಟಿಯನ್ನು ಬಿಡಿಸಲು ಹೋದ, ಅದು ಇನ್ನೊಂದು ಬೆರಳಿಗೆ ಅಂಟಿತು. "ಹೇಳಿದ್ರೆ ನೀನು ಹಾಡೋದು ಬಿಟ್ಬಿಡ್ತೀಯ ಅಂತ. ಸಕ್ಕರೆ ಬಿಟ್ಯಲ್ಲ, ಹಾಗೆ. ನೀನು ಹಾಡೋದು ಬಿಟ್ರೆ ನಾನು ಯಾರ ತಮ್ಮ?"

ಐವತ್ತೇಳು ವರ್ಷದ ಗಂಡಸು ಅದೇ ಕೈಯಲ್ಲಿ ಮೂಗು ಒರೆಸಿಕೊಂಡ. ಪಟ್ಟಿ ಮೀಸೆಗೂ ತಾಗಿತು.

ಅಕ್ಕ ತಿರುಗಿ ಒಳಗೆ ಹೋಗಿ, ಗಾಜಿನಾಚೆಯಿಂದ, "ಟೇಪ್ ಹಾಕು," ಎಂದಳು. ತಮ್ಮ ಹಾಕಿದ. ಈ ಸಲ ಅವಳು ಮೂಲ ಶ್ರುತಿಯಲ್ಲೇ ಹಾಡಿದಳು. ಮೊದಲ ಸಾಲು ದಾಟಿತು. ಎರಡನೆಯದಕ್ಕೆ ಕುತ್ತಿಗೆಯ ನರ ಎದ್ದವು. 'ಅಂಗಿ ಒಣಗಿಲ್ಲ' ಎಂದು ಏರಿ, ಏರಿ, 'ಹೇಗೆ' ಎನ್ನುವಲ್ಲಿಗೆ ಬಂದಾಗ ಒಡಕು ಕೊಳವೆಯಿಂದ ಗಾಳಿ ಹೋದ ಹಾಗೆ ಒಂದು ಸದ್ದಾಯಿತು. ಸ್ಪೀಕರಿನಲ್ಲಿ ಮೂವತ್ತು ವರ್ಷದವಳು ಸಲೀಸಾಗಿ ಮೇಲೆ ನಿಂತು ಹಾಡುತ್ತಲೇ ಇದ್ದಳು. ಅಕ್ಕ ಕಣ್ಣು ಮುಚ್ಚಿ ಅವಳನ್ನು ಕೊನೆಯವರೆಗೂ ಕೇಳಿದಳು.

"ಚೆನ್ನಾಗಿ ಹಾಡ್ತಿದ್ಲು ಕಣೋ," ಎಂದಳು ಈಚೆ ಬಂದು. ಧ್ವನಿ ತೇವವಾಗಿತ್ತು. "ಇಲಿಮರಿ ಅಂದ್ಬಿಟ್ಟೆ, ಪಾಪ."

ಅವಳು ಮೂಲೆಗೆ ನಡೆದು, ಹುಡುಗಿಯ ಕೈಯಿಂದ ಫ್ಲಾಸ್ಕು ತೆಗೆದುಕೊಂಡು, ಅದರ ಮುಚ್ಚಳಕ್ಕೆ ಬಿಸಿನೀರು ಬಗ್ಗಿಸಿಕೊಂಡು ಕುಡಿದಳು.

"ನಿಂಗೆ ಎಷ್ಟು ಇಳಿಸಬೇಕು ಅಂದಿದ್ದೆ?"

"ಅರ್ಧ ಮನೆ, ಅಕ್ಕ." ಹುಡುಗಿಯ ಮಾತು ಗಾಳಿಯಷ್ಟೇ ಇತ್ತು.

"ಅರ್ಧ ಮನೆಗೆ ಒಂದು ವಾರ ಗಂಟಲು ಹರ್ಕೊಂಡ್ಯಾ? ಕತ್ತೆ." ಅಕ್ಕ ಇನ್ನೊಂದು ಗುಟುಕು ಕುಡಿದಳು. "ಅಲ್ಲ ಬಿಡು, ಕತ್ತೆ ನಾನು. ಹತ್ತು ದಿನ ಬಾಯಿ ಬಿಡಬೇಡ, ಹಾಡೋದಿರಲಿ ಮಾತೂ ಆಡಬೇಡ. ಆಮೇಲೆ ಬಂದು ನಿನ್ನ ಶ್ರುತೀಲಿ ಹಾಡು. ಹಾಡು ನಿಂದೇ."

ಹುಡುಗಿ ಏನೋ ಹೇಳಹೋದಳು. ಅಕ್ಕ ಬಾಯಿಗೆ ಬೆರಳಿಟ್ಟು ತೋರಿಸಿದಳು.

ಬಾಗಿಲ ಸಂದಿಯಿಂದ ಮಗಳು ತಲೆ ಹಾಕಿದಳು. ಅವಳು ಎಷ್ಟು ಹೊತ್ತಿನಿಂದ ಕೇಳಿಸಿಕೊಳ್ಳುತ್ತಿದ್ದಳೋ. "ಅಮ್ಮ, ಪೋಸ್ಟರು?"

"ಬೆನ್ನು ಖಾಲಿ ಇದೆಯಲ್ವಾ? ಹಾಡು ಬರೆಯೋಕೆ ಬರುತ್ತೆ, ಒಳಗಿಡು. ಬೇರೆ ಮಾಡ್ಸು. ಶ್ರುತಿ ಇಳಿಸಿದೀವಿ ಅಂತಲೇ ಹಾಕ್ಸು. ನಾಚ್ಕೆ ಆಗೋದು ನಂಗೆ ತಾನೆ, ನಿಂಗೇನು?" ಎಂದಳು ಅಕ್ಕ. "ಗಿಟಾರಿನವನನ್ನೂ ಕೊಳಲಿನವನನ್ನೂ ಕರಿ. ಅವರಿಗೆ ಬೈಯೋದು ಆಮೇಲೆ. ಹೊಸದಾಗಿ ಹಾಡ್ತೀನಿ. ಟೇಪಿಂದ ಇಸ್ತ್ರಿ ಸದ್ದು ಮಾತ್ರ ತಗೊಳ್ಳಿ. ಅದಕ್ಕೆ ಶ್ರುತಿಯ ಹಂಗಿಲ್ಲ."

ಎಲ್ಲರೂ ಅವರವರ ಜಾಗಕ್ಕೆ ಬಂದರು. ಕೊಳಲಿನವನು ಅಕ್ಕನ ಮುಖ ನೋಡಲಾರದೆ ಚೀಲದೊಳಗೆ ಮುಖವಿಟ್ಟು ಕೊಳಲು ಹುಡುಕಿದ. ತಮ್ಮ ಗುಂಡಿಯನ್ನು ಒಂದು, ಎರಡು, ಮೂರು, ನಾಲ್ಕು ಸಲ ಒತ್ತಿದ. ಇಷ್ಟು ವರ್ಷ ಕತ್ತಲಲ್ಲಿದ್ದ ಪುಟ್ಟ ಪರದೆಯಲ್ಲಿ, ಅಂಟಿನ ಕೊಳೆಯ ಕೆಳಗೆ, ಕೆಂಪು ಅಂಕೆ ಮಸುಕಾಗಿ ಕಂಡಿತು.

ಅಕ್ಕ ಅವನ ಹೆಗಲ ಹಿಂದೆ ಬಂದು ನಿಂತಳು. ಕರವಸ್ತ್ರದ ತುದಿಯನ್ನು ಫ್ಲಾಸ್ಕಿನ ನೀರಿನಲ್ಲಿ ಅದ್ದಿ, ಪರದೆಯ ಮೇಲಿನ ಅಂಟನ್ನು ಉಜ್ಜಿ ಉಜ್ಜಿ ತೆಗೆದಳು. ಲಾಂಡ್ರಿಯಲ್ಲಿ ಕಾಲರಿನ ಕಲೆ ತೆಗೆಯುತ್ತಿದ್ದದ್ದೂ ಹೀಗೇ, ತುದಿಬೆರಳಿನಲ್ಲಿ. ಅಂಕೆ ಸ್ಪಷ್ಟವಾಯಿತು. ಅಕ್ಕ ಅದನ್ನು ನೋಡಿದಳು. ಆಮೇಲೆ ಅವನ ಕೈಯ ಮೇಲಿಂದ ತನ್ನ ಕೈ ಚಾಚಿ, ಗುಂಡಿಯನ್ನು ಇನ್ನೂ ಒಂದು ಸಲ ಒತ್ತಿದಳು.

"ಇದು ಈ ವರ್ಷದ್ದು," ಎಂದಳು.

ಕೊಳಲಿನವನು ತೆಗೆದ ಕೊಳಲನ್ನು ಒಳಗಿಟ್ಟು, ಅದಕ್ಕಿಂತ ಉದ್ದದ್ದನ್ನು ಎತ್ತಿಕೊಂಡ. ಅಕ್ಕ ಮೈಕಿನ ಮುಂದೆ ಹೋಗಿ ನಿಂತು, ಗಾಜಿನಾಚೆಯಿಂದ ತಮ್ಮನ ಕಡೆ ತಿರುಗಿದಳು. ಸ್ಪೀಕರಿನಲ್ಲಿ ಇಸ್ತ್ರಿ ಬುಸ್ ಎಂದಿತು. ಅವಳು ಕೈ ಎತ್ತಿ, ಅವನು ಸ್ವರ ಕೊಡುವುದನ್ನು ಕಾದಳು.